ಹೊರೆಯ ಪಾಲು

ಸೈಕಲ್ಲಿನ ಮೇಲೆ ದೇಶಸಂಚಾರ ಮಾಡುವವರನ್ನು ಕಂಡಾಗ ಲೋಕಕ್ಕೆ ಸಾಮಾನ್ಯವಾಗಿ ಎರಡು ಭಾವನೆಗಳು ಹುಟ್ಟುತ್ತವೆ. ಇಳಿಜಾರಿನಲ್ಲಿ ಅವರು ಹಕ್ಕಿಗಳಂತೆ ತೇಲಿಹೋಗುವುದನ್ನು ನೋಡಿದವರಿಗೆ ಅಸೂಯೆ. ಏರಿನಲ್ಲಿ ನೋಡಿದವರಿಗೆ ಕನಿಕರ. ಮೋಟಾರಿನೊಳಗೆ ಕುಳಿತು, ಗಾಜಿನ ಆಚೆ ಬೆವರು ಸುರಿಸುತ್ತಿರುವ ಮನುಷ್ಯನನ್ನು ಹಿಂದೆ ಹಾಕುವಾಗ, 'ಈತನಿಗೆ ಮನೆಯಲ್ಲಿ ಹೇಳುವವರು ಕೇಳುವವರು ಇಲ್ಲವೇ?' ಎಂಬ ಪ್ರಶ್ನೆ ಯಾರಿಗಾದರೂ ಏಳುವುದು ಸಹಜ. ಹೇಳುವವರು ಕೇಳುವವರು ಹತ್ತು ಮಾರು ಹಿಂದೆ ಇನ್ನೊಂದು ಸೈಕಲ್ಲಿನ ಮೇಲೆ ಬರುತ್ತಿದ್ದರೆ ಏನು ಮಾಡುವುದು?

ಇಟಲಿಯ ಟಸ್ಕನಿ ಪ್ರಾಂತದಲ್ಲಿ, ಮೇ ತಿಂಗಳ ಕೊನೆಯ ವಾರದ ಒಂದು ಮುಂಜಾನೆ, ಸಿಯೆನಾ ನಗರದ ದಕ್ಷಿಣಕ್ಕಿರುವ ರೋಮನ್ ಹೆಬ್ಬಾಗಿಲಿನಿಂದ ಹೊರಬಿದ್ದ ದಂಪತಿಗಳ ಸ್ಥಿತಿ ಇಂಥದೇ ಆಗಿತ್ತು. ಅವರು ಹಾಲೆಂಡಿನವರು. ಆತ ನಿವೃತ್ತ ಭೂಗೋಳದ ಉಪಾಧ್ಯಾಯ. ಮೂವತ್ತೈದು ವರ್ಷ ಪ್ರಪಂಚದ ಪರ್ವತಗಳ ಎತ್ತರವನ್ನೆಲ್ಲ ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದವರು. ಆದರೆ ಸಮುದ್ರಮಟ್ಟಕ್ಕಿಂತ ತಗ್ಗಿನಲ್ಲಿರುವ ತಮ್ಮ ಊರಿನಲ್ಲಿ ಅವರು ಸೈಕಲ್ ಹತ್ತಿಸಿದ್ದ ಅತ್ಯುನ್ನತ ಶಿಖರವೆಂದರೆ ಕಾಲುವೆಯ ಮೇಲಿನ ಸೇತುವೆ. ಆಕೆ ಅದೇ ಊರಿನಲ್ಲಿ ಔಷಧದಂಗಡಿ ನಡೆಸಿದವರು. ಗುಂಜಿಯಷ್ಟನ್ನೂ ತೂಗಿಯೇ ಕೊಡುವ ಅಭ್ಯಾಸ ಬೆರಳಿಗೆ ಹತ್ತಿಬಿಟ್ಟಿದ್ದರಿಂದ, ಸಾಮಾನು ತೂಗಲೆಂದು ಒಂದು ಪುಟ್ಟ ಕೊಕ್ಕೆತಕ್ಕಡಿಯನ್ನು ಪ್ರಯಾಣಕ್ಕೂ ತಂದಿದ್ದರು.

ಉತ್ತರದ ವೆರೋನಾದಿಂದ ರೋಮಿನವರೆಗೆ ಸೈಕಲ್ಲಿನಲ್ಲಿ ಹೋಗಬೇಕೆಂಬುದು ಮದುವೆಯಾದ ವರ್ಷದಲ್ಲಿಯೇ ಮಾಡಿಕೊಂಡಿದ್ದ ಸಂಕಲ್ಪ. ಆ ವರ್ಷ ಹಣವಿರಲಿಲ್ಲ. ಆಮೇಲೆ ಮಕ್ಕಳಾದರು, ಮಕ್ಕಳು ದೊಡ್ಡವರಾಗುವ ಹೊತ್ತಿಗೆ ಅತ್ತೆ ಹಾಸಿಗೆ ಹಿಡಿದರು. ಎಲ್ಲ ಸಂಸಾರಗಳಲ್ಲಿಯೂ ಆಗುವ ಕಥೆ, ವಿಸ್ತರಿಸಬೇಕಾದ ಅಗತ್ಯವಿಲ್ಲ. ಅಂತೂ ಕಾಲ ಒದಗಿದಾಗ ಉಪಾಧ್ಯಾಯರ ಬಲಮೊಣಕಾಲು ಸಹಕಾರ ನೀಡಲು ಹಿಂಜರಿಯತೊಡಗಿತ್ತು. ಅಪೆನ್ನೈನ್ ಪರ್ವತಶ್ರೇಣಿಯನ್ನು ದಾಟಿದಂದಿನಿಂದ ಅದು ನೋಯುತ್ತಿತ್ತು. ನೋವನ್ನು ಅವರು ಪತ್ನಿಗೆ ತಿಳಿಸಿರಲಿಲ್ಲ. ಪತ್ನಿಗೆ ಅದು ತಿಳಿದಿತ್ತು. ತಿಳಿದಿದೆಯೆಂಬುದನ್ನು ಆಕೆ ಪತಿಗೆ ತಿಳಿಸಿರಲಿಲ್ಲ. ದೀರ್ಘ ದಾಂಪತ್ಯದ ಸೌಖ್ಯ ಬಹುಮಟ್ಟಿಗೆ ಇಂಥ ವ್ಯವಸ್ಥೆಗಳ ಮೇಲೆಯೇ ನಿಂತಿರುತ್ತದೆ.

ಅಂದಿನ ದಾರಿ ಸುಮಾರು 65 ಕಿಲೋಮೀಟರು. ಆರ್ಬಿಯಾ ನದಿಯ ಬದಿಯಲ್ಲಿ ಬುವೊನ್‌ಕೊನ್ವೆಂತೊ ಎಂಬ ಊರಿನವರೆಗೆ ಇಳಿದು, ಅಲ್ಲಿಂದ ಮೊಂತಾಲ್ಚಿನೊ ಬೆಟ್ಟವನ್ನೇರಿ, ಆಚೆಯ ಓರ್ಚಾ ಕಣಿವೆಗೆ ಇಳಿದು, ಬಿಸಿನೀರಿನ ಬುಗ್ಗೆಗಳಿರುವ ಬಾನ್ಯೊ ವಿನ್ಯೋನಿಯಲ್ಲಿ ತಂಗಬೇಕು. ಇದು ಹೊಸ ದಾರಿಯಲ್ಲ. ಸುಮಾರು 990ರಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಸಿಗೆರಿಕ್ ರೋಮಿನಿಂದ ಹಿಂದಿರುಗುವಾಗ ತಾನು ತಂಗಿದ 79 ನೆಲೆಗಳನ್ನು ಪಟ್ಟಿಮಾಡಿಸಿದ. ಆ ಪಟ್ಟಿಯಲ್ಲಿ ಸಿಯೆನಾ ಇದೆ, ಆರ್ಬಿಯಾ ಇದೆ, ಅಂದು ಸಂಜೆ ಇವರು ಹಾಯಬೇಕಾಗಿದ್ದ ಸಾನ್ ಕ್ವಿರಿಕೊ ಸಹ ಇದೆ. ಸಾವಿರ ವರ್ಷ ಕಾಲ್ನಡಿಗೆಯ ಯಾತ್ರಿಕರು ಸವೆಸಿದ ಹಾದಿ. ಮೋಟಾರುಗಳು ರಾಜಮಾರ್ಗವನ್ನು ಹಿಡಿದಮೇಲೆ ಹಳೆಯ ಹಾದಿಯ ತುಣುಕುಗಳು ಗುಡ್ಡಗಳ ನಡುವೆ ಡಾಂಬರು ಕಾಣದೆ ಉಳಿದುಕೊಂಡಿವೆ. ಸುಣ್ಣಕಲ್ಲಿನ ಜಲ್ಲಿಯಿಂದಾದ ಇವನ್ನು ಅಲ್ಲಿಯ ಜನ ಬಿಳಿಯ ರಸ್ತೆಗಳೆಂದೇ ಕರೆಯುತ್ತಾರೆ. ಸೈಕಲ್ಲಿನವರಿಗೆ ಅವುಗಳ ಮೇಲೆ ವಿಪರೀತ ವ್ಯಾಮೋಹ. 1997ರಲ್ಲಿ, ಆ ಜಿಲ್ಲೆಯ ಗಯೋಲೆ ಎಂಬ ಊರಿನವರು ಹಳೆಯ ಕಾಲದ ಸೈಕಲ್ಲುಗಳ ಸವಾರಿಯೊಂದನ್ನು 'ಎರೋಯಿಕಾ' ಎಂಬ ಹೆಸರಿನಲ್ಲಿ ಆರಂಭಿಸಿದ್ದು, ಈ ರಸ್ತೆಗಳಿಗೆ ಡಾಂಬರು ಬಳಿಯುವುದನ್ನು ತಡೆಯಬೇಕೆಂಬ ಉದ್ದೇಶದಿಂದಲೂ ಹೌದು. ಉದ್ದೇಶ ಫಲಿಸಿದೆ, ರಸ್ತೆಗಳು ಬಿಳಿಯಾಗಿಯೇ ಇವೆ. ಅವುಗಳ ಮೇಲೆ ಹೋದವರೂ ಬಿಳಿಯಾಗುತ್ತಾರೆ.

ಮೊದಲ ಹತ್ತು ಕಿಲೋಮೀಟರು ಸುಖವಾಗಿ ಸಾಗಿತು. ಕೂನಾ ಎಂಬಲ್ಲಿ ಗೋಡೆ ಗೋಪುರಗಳಿಂದ ಕೋಟೆಯಂತಿರುವ ಒಂದು ಇಟ್ಟಿಗೆಯ ಕಟ್ಟಡ ಎದುರಾಯಿತು. ಅದು ಕೋಟೆಯಲ್ಲ, ಕಣಜ. ಯಾತ್ರಿಕರನ್ನೂ ರೋಗಿಗಳನ್ನೂ ಪೋಷಿಸುತ್ತಿದ್ದ ಸಿಯೆನಾದ ದೊಡ್ಡ ಆಸ್ಪತ್ರೆಯು ತನ್ನ ಭೂಮಿಗಳಿಂದ ಬರುವ ಗೋಧಿಯನ್ನು ಕಾಪಾಡಲು 1314ರಲ್ಲಿ ಕಟ್ಟಿಸತೊಡಗಿದ್ದು. ಕಾಳಿಗೆ ಇಷ್ಟು ಕಾವಲೇ ಎಂದು ಆಕೆ ಆಶ್ಚರ್ಯಪಟ್ಟರು. ಕ್ಷಾಮವನ್ನು ಕಂಡವರಿಗೆ ಕಣಜವೇ ಕೋಟೆ ಎಂದು ಉಪಾಧ್ಯಾಯರು ಪಾಠವನ್ನಾರಂಭಿಸುವಷ್ಟರಲ್ಲಿ ಆಕೆಯ ಸೈಕಲ್ಲು ಮುಂದಿನ ತಿರುವನ್ನು ದಾಟಿತ್ತು.

ಅಲ್ಲಿಂದ ಬಿಳಿಯ ರಸ್ತೆ, ಮತ್ತು ಅದರ ಎರಡೂ ಕಡೆಗೆ ಜೇಡಿಯ ಗುಡ್ಡಗಳು. ಮರಗಳಿಲ್ಲ; ಒಂದರ ಹಿಂದೊಂದು ಮೃದುವಾದ ದಿಬ್ಬಗಳು, ಅವುಗಳ ಮೇಲೆ ಹಸುರಿನಿಂದ ಹೊನ್ನಿಗೆ ತಿರುಗುತ್ತಿರುವ ಗೋಧಿ, ಅಂಚಿನಲ್ಲಿ ಕೆಂಪು ಗಸಗಸೆಯ ಹೂ. ಗಾಳಿ ಬೀಸಿದರೆ ಗುಡ್ಡವೇ ಅಲೆಯಾಗುತ್ತದೆ. ಈ ಉಪಮೆಯಲ್ಲಿ ಅತಿಶಯವೇನೂ ಇಲ್ಲ. ಕೆಲವು ದಶಲಕ್ಷ ವರ್ಷಗಳ ಹಿಂದೆ ಇದೆಲ್ಲ ಸಮುದ್ರದ ತಳವಾಗಿತ್ತು. ಉಳುವವರಿಗೆ ಇಂದಿಗೂ ಕಪ್ಪೆಚಿಪ್ಪುಗಳು ಸಿಕ್ಕುತ್ತವೆ. 2007ರಲ್ಲಿ ಮೊಂತಾಲ್ಚಿನೊ ಬಳಿಯ ದ್ರಾಕ್ಷಿತೋಟದ ನೆಲದಲ್ಲಿ ತಿಮಿಂಗಿಲವೊಂದರ ಅಸ್ಥಿಗಳೇ ದೊರೆತವು. ಉಪಾಧ್ಯಾಯರು ಇದನ್ನು ಉತ್ಸಾಹದಿಂದ ವಿವರಿಸಿದಾಗ ಆಕೆ, ''ಹಾಗಾದರೆ ನಿಮಗೆ ಇಲ್ಲಿ ಹೊಸದೇನೂ ಇಲ್ಲ. ಊರಿನಲ್ಲಿಯೂ ಸಮುದ್ರದ ತಳ, ಇಲ್ಲಿಯೂ ಸಮುದ್ರದ ತಳ,'' ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ''ನಿನ್ನೆಯ ಚಿತ್ರದಲ್ಲಿ ಈ ಗುಡ್ಡಗಳ ತುಂಬ ಜನರಿದ್ದರು. ಎಲ್ಲಿಗೆ ಹೋದರು?'' ಎಂದು ಕೇಳಿದರು.

ನಿನ್ನೆಯ ಚಿತ್ರವೆಂದರೆ ಸಿಯೆನಾದ ಪುರಭವನದ ಭಿತ್ತಿಚಿತ್ರ. 1338-39ರಲ್ಲಿ ಅಂಬ್ರೋಜೊ ಲೊರೆಂಜೆತ್ತಿ ಬರೆದದ್ದು. ಸುರಾಜ್ಯವಿದ್ದರೆ ನಾಡು ಹೇಗಿರುತ್ತದೆಂಬುದನ್ನು ತೋರಿಸುವ ವಿಸ್ತಾರವಾದ ಗೋಡೆ. ಅದರಲ್ಲಿ ಇವೇ ದಿಬ್ಬಗಳು, ಇದೇ ದಾರಿ. ಆದರೆ ಉಳುವವರು, ಬಿತ್ತುವವರು, ಒಕ್ಕುವವರು, ಕತ್ತೆಗಳ ಮೇಲೆ ಹೊರೆ ಹೇರಿಕೊಂಡು ಪೇಟೆಗೆ ಹೋಗುವವರು, ಹಂದಿಯನ್ನು ಅಟ್ಟಿಕೊಂಡು ಹೋಗುವವನು, ಹೀಗೆ ನೆಲ ಜನರಿಂದ ಗಿಜಿಗುಟ್ಟುತ್ತದೆ. ಇಂದು ಆ ದಾರಿಯಲ್ಲಿ ಎರಡು ಗಂಟೆ ತುಳಿದರೂ ಕಂಡದ್ದು ಒಂದು ಟ್ರಾಕ್ಟರು; ಅದೂ ದೂರದಲ್ಲಿ, ಆಟಿಕೆಯಷ್ಟು. ದಿಬ್ಬದಿಂದ ದಿಬ್ಬಕ್ಕೆ ಒಂಟಿ ಮನೆಗಳು ಮಾತ್ರ, ಪಕ್ಕದಲ್ಲಿ ಸೈಪ್ರೆಸ್ ಮರಗಳ ಸಾಲು.

ಉತ್ತರ ಸಿಕ್ಕಿದ್ದು ಅಂಥ ಒಂದು ಮನೆಯ ಮುಂದೆ, ನೀರು ಕೇಳಲು ನಿಂತಾಗ. ಕಲ್ಲಿನ ಮನೆ, ಅಂಗಳದಲ್ಲಿ ನೀಲಿಯಾದ ಈಜುಕೊಳ, ಕಿಟಕಿಗಳೆಲ್ಲ ಮುಚ್ಚಿದ್ದವು. ಹಿತ್ತಿಲಿನಲ್ಲಿ ಟೊಮೇಟೊ ಗಿಡಗಳಿಗೆ ಕೋಲು ನೆಡುತ್ತಿದ್ದ ವೃದ್ಧರೊಬ್ಬರು ಎದ್ದುಬಂದು ನಲ್ಲಿ ತೋರಿಸಿದರು. ವಯಸ್ಸು ಎಂಬತ್ತೈದರ ಹತ್ತಿರವಿರಬಹುದು. ಉಪಾಧ್ಯಾಯರು ಸಂಜೆಯ ತರಗತಿಗಳಲ್ಲಿ ಕಲಿತಿದ್ದ ಇಟಾಲಿಯನ್ ಭಾಷೆಯನ್ನು ಧೈರ್ಯವಾಗಿ ಪ್ರಯೋಗಿಸಿ, ಮನೆ ಬಹಳ ಸುಂದರವಾಗಿದೆ, ನಿಮ್ಮದೇ ಎಂದು ಕೇಳಿದರು. ವೃದ್ಧರು ನಕ್ಕರು. ತಾವು ಈ ಮನೆಯಲ್ಲಿ ಹುಟ್ಟಿದ್ದು ಹೌದು. ಆದರೆ ಮನೆ ಎಂದೂ ತಮ್ಮದಾಗಿರಲಿಲ್ಲ. ಈಗಿನ ಮಾಲೀಕರು ಮಿಲಾನಿನವರು, ಬೇಸಗೆಯಲ್ಲಿ ಬರುತ್ತಾರೆ. ತರಕಾರಿ ಬೆಳೆದುಕೊಳ್ಳಲು ತಮಗೆ ಅಪ್ಪಣೆ ಕೊಟ್ಟಿದ್ದಾರೆ.

ಆಮೇಲೆ ಅವರು ಹೇಳಿದ್ದು ಆ ಸೀಮೆಯ ಸಾವಿರಾರು ಮನೆಗಳ ಕಥೆ. ಕನ್ನಡದ ರೈತರು ಕೋರು ಎಂದೋ ವಾರ ಎಂದೋ ಕರೆಯುವಂಥ ಪದ್ಧತಿ ಅಲ್ಲಿಯೂ ಶತಮಾನಗಳ ಕಾಲ ನಡೆದಿತ್ತು. ಅದರ ಹೆಸರು ಮೆತ್ಸದ್ರಿಯ. ಭೂಮಿ, ಮನೆ ಧಣಿಯವು, ದುಡಿಮೆ ಒಕ್ಕಲಿನದು, ಗೋಧಿ, ಎಣ್ಣೆ, ದ್ರಾಕ್ಷಾರಸ ಎಲ್ಲದರಲ್ಲಿಯೂ ಅರ್ಧ ಪಾಲು. ಅದಲ್ಲದೆ ಕ್ರಿಸ್‌ಮಸ್‌ಗೆ ಕೋಳಿ, ಈಸ್ಟರಿಗೆ ಮೊಟ್ಟೆ. ಕೆಳಗಿನ ಅಂತಸ್ತಿನಲ್ಲಿ ಎತ್ತುಗಳು, ಮೇಲೆ ಹದಿನಾಲ್ಕು ಮಂದಿ. ಚಳಿಗಾಲದಲ್ಲಿ ಎತ್ತುಗಳ ಉಸಿರೇ ಮನೆಗೆ ಬೆಚ್ಚಗೆ. ಮನೆಯ ಹುಡುಗನಿಗೆ ಮದುವೆ ಮಾಡಬೇಕಾದರೂ ಧಣಿಯ ಪಾರುಪತ್ಯಗಾರನ ಒಪ್ಪಿಗೆ ಬೇಕಾಗಿತ್ತು. ತಿನ್ನುವ ಬಾಯಿ ಹೆಚ್ಚಿದರೆ ಲೆಕ್ಕ ತಪ್ಪುತ್ತದಲ್ಲ! ಯುದ್ಧ ಮುಗಿದು ಹತ್ತು ಹದಿನೈದು ವರ್ಷಗಳಲ್ಲಿ ತರುಣರು ಒಬ್ಬೊಬ್ಬರಾಗಿ ಕಾರ್ಖಾನೆಗಳ ಊರುಗಳಿಗೆ ಹೋದರು. 1964ರಲ್ಲಿ ಸರ್ಕಾರ ಇಂಥ ಹೊಸ ಒಪ್ಪಂದಗಳನ್ನು ನಿಷೇಧಿಸಿತು. ಆ ವೇಳೆಗೆ ಅನೇಕ ಮನೆಗಳಲ್ಲಿ ಒಪ್ಪಂದ ಮಾಡಿಕೊಳ್ಳಲು ಯಾರೂ ಉಳಿದಿರಲಿಲ್ಲ. ಖಾಲಿ ಬಿದ್ದ ಹೊಲಗಳಿಗೆ ಸಾರ್ಡೀನಿಯಾ ದ್ವೀಪದ ಕುರುಬರು ಮಂದೆಗಳೊಡನೆ ಬಂದರು. ಅವರ ಹಿಂದೆ, ಬಹುಕಾಲದ ಮೇಲೆ, ಈಜುಕೊಳದವರು.

''ನಾವು ಮಂಚ, ಪಾತ್ರೆಗಳನ್ನು ಗಾಡಿಗೆ ಹೇರಿಕೊಂಡು ಈ ದಾರಿಯಲ್ಲಿ ಹೋದಾಗ ಇದನ್ನು ಯಾರೂ ಸುಂದರವೆನ್ನಲಿಲ್ಲ. ಧೂಳು ಮಾತ್ರ ಎನ್ನುತ್ತಿದ್ದರು,'' ಎಂದರು ವೃದ್ಧರು.

ಅರ್ಧ ಕೊಡುವುದು ಬಹಳ ಕಷ್ಟವಾಗಿತ್ತಲ್ಲವೇ ಎಂದು ಉಪಾಧ್ಯಾಯರು ಕೇಳಿದರು.

ವೃದ್ಧರು ಸ್ವಲ್ಪ ಯೋಚಿಸಿದರು. ''ಕೊಡುವುದಲ್ಲ. ತಕ್ಕಡಿ ಹಿಡಿಯುವವನು ಅವನಾಗಿದ್ದ. ಯಾವುದು ಅರ್ಧವೆಂದು ಅವನು ಹೇಳಬೇಕು, ನಾವು ಕೇಳಬೇಕು. ಅದು ಕಷ್ಟ.''

ಹೊರಡುವಾಗ ಅವರು ಆಕೆಯ ಸೈಕಲ್ಲಿನ ಹಿಂದಿನ ಚೀಲವನ್ನು ಒಮ್ಮೆ ಕೈಯಿಂದ ಎತ್ತಿ ನೋಡಿ, ಹುಬ್ಬೇರಿಸಿ, ಏನೋ ಹೇಳಿದರು. ಅದು ಸಂಜೆಯ ತರಗತಿಗಳಲ್ಲಿ ಬಾರದ ಮಾತಾದ್ದರಿಂದ ಉಪಾಧ್ಯಾಯರಿಗೆ ಅರ್ಥವಾಗಲಿಲ್ಲ. ಆಕೆ ಅರ್ಥವಾಗದಿದ್ದರೂ ನಕ್ಕು ಬೇಗನೆ ಪೆಡಲು ತುಳಿದರು.

ಬುವೊನ್‌ಕೊನ್ವೆಂತೊ ತಲಪಿದಾಗ ಹನ್ನೆರಡೂವರೆ. ಇಟ್ಟಿಗೆಯ ಗೋಡೆಯೊಳಗಿನ ಪುಟ್ಟ ಊರು. ರೋಮ್ ಸಾಮ್ರಾಜ್ಯದ ಕಿರೀಟ ಧರಿಸಿದ ಏಳನೆಯ ಹೆನ್ರಿ ಚಕ್ರವರ್ತಿ 1313ರ ಆಗಸ್ಟ್ 24ರಂದು ಇಲ್ಲಿ ಕಾಲವಾದ. ಇಟಲಿಯ ಕಲಹಗಳನ್ನು ಈತ ತೀರಿಸುವನೆಂದು ಕವಿ ದಾಂತೆ ಆಸೆಯಿಟ್ಟಿದ್ದ. ಆಸೆ ಇಲ್ಲಿಗೆ ಮುಗಿಯಿತು. ಚಕ್ರವರ್ತಿಗೆ ಬಂದದ್ದು ಜ್ವರವೆಂದು ವೈದ್ಯಜ್ಞರು ಹೇಳಿದರೂ, ಪ್ರಸಾದದಲ್ಲಿ ವಿಷ ಹಾಕಿದರೆಂಬ ವದಂತಿ ಬಹುಕಾಲ ಉಳಿಯಿತು. ಇದನ್ನು ಕೇಳಿದಮೇಲೂ ಆಕೆ ಅಲ್ಲಿಯೇ ಊಟ ಮಾಡೋಣವೆಂದರು. ಟಸ್ಕನಿಯ ರೊಟ್ಟಿಯಲ್ಲಿ ಉಪ್ಪಿಲ್ಲ. ಒಂದು ವಾರದಿಂದ ತಿನ್ನುತ್ತಿದ್ದರೂ ಉಪಾಧ್ಯಾಯರಿಗೆ ಅದು ಒಗ್ಗಿರಲಿಲ್ಲ. ಪ್ರತಿ ಊಟದಲ್ಲಿಯೂ ಅಡಿಗೆಯವನು ಮರೆತಿರಬಹುದೆಂಬ ಆಸೆಯಿಂದಲೇ ಮೊದಲ ತುತ್ತನ್ನು ಬಾಯಿಗಿಡುತ್ತಿದ್ದರು.

ಊಟವಾಗಿ ಏಳುವಾಗ ಮೊಣಕಾಲು ಕೀಲು ಕಟ್ಟಿದಂತಾಯಿತು. ಮೇಜನ್ನು ಹಿಡಿದು, ಕರವಸ್ತ್ರ ಬಿದ್ದಿತೆಂಬ ನೆಪದಲ್ಲಿ ಕ್ಷಣಕಾಲ ಬಗ್ಗಿದರು. ಆಕೆ ಗೋಡೆಯ ಮೇಲಿನ ಚಿತ್ರವನ್ನು ನೋಡುತ್ತಿದ್ದರು. ಊರಾಚೆ ರೈಲು ನಿಲ್ದಾಣವಿತ್ತು. ಸಿಯೆನಾದಿಂದ ಬರುವ ಗಾಡಿ ಗ್ರೊಸೆತ್ತೊ ಕಡೆಗೆ, ಸಮುದ್ರದ ದಿಕ್ಕಿಗೆ ಹೋಗುತ್ತದೆ. ಅಲ್ಲಿಂದ ರೋಮಿಗೆ ಬೇರೆ ಗಾಡಿ. ಸಂಜೆಗೇ ರೋಮು ಸೇರಬಹುದು. ಆಕೆಯ ಮೊಬೈಲಿನಲ್ಲಿ ಆ ಗಾಡಿಯ ವೇಳೆ ಆಗಲೇ ಸಿದ್ಧವಾಗಿತ್ತು. ಮುಂದಿದ್ದದ್ದಾದರೋ 14 ಕಿಲೋಮೀಟರಿನಲ್ಲಿ 400 ಮೀಟರಿಗಿಂತ ಹೆಚ್ಚಿನ ಏರು.

''ಹೇಗೆ?'' ಎಂದರು ಆಕೆ.

''ಹೇಗೆಂದರೇನು? ಹೋಗೋಣ,'' ಎಂದರು ಉಪಾಧ್ಯಾಯರು.

ಮೂವತ್ತೈದು ವರ್ಷ ಕಾದ ಮಾತು ಮೂರು ಪದಗಳಲ್ಲಿ ತೀರ್ಮಾನವಾಯಿತು. ಆಕೆ ಮೊಬೈಲನ್ನು ಜೇಬಿಗಿಟ್ಟರು.

ಏರನ್ನು ವರ್ಣಿಸುವುದು ವ್ಯರ್ಥ. ಹತ್ತಿದವರಿಗೆ ಅದು ಗೊತ್ತು, ಹತ್ತದವರಿಗೆ ಹೇಳಿ ತಿಳಿಸಲಾಗದು. ಅತ್ಯಂತ ಚಿಕ್ಕ ಗೇರಿನಲ್ಲಿ ಸೈಕಲ್ಲು ನಡೆಯುವವನಿಗಿಂತ ಸ್ವಲ್ಪವೇ ಬೇಗ ಚಲಿಸುತ್ತದೆ. ಲೋಕವೆಲ್ಲ ಮುಂದಿನ ಚಕ್ರದ ಎದುರಿನ ಎರಡು ಗಜ ರಸ್ತೆಯಷ್ಟಕ್ಕೆ ಕುಗ್ಗುತ್ತದೆ. ತಮಗಿಂತ ಹತ್ತು ವರ್ಷ ಹಿರಿಯರಾದ ಇಬ್ಬರು ವಿದ್ಯುತ್ ಸೈಕಲ್ಲುಗಳ ಮೇಲೆ, ಹರಟೆ ಹೊಡೆಯುತ್ತ, ಇವರಿಗೆ ಶುಭ ಕೋರಿ ಮುಂದೆ ಹೋದರು. ವಿದ್ಯುತ್ ಸೈಕಲ್ಲನ್ನು ಉಪಾಧ್ಯಾಯರು ತತ್ತ್ವದ ಕಾರಣದಿಂದ ವಿರೋಧಿಸುತ್ತಿದ್ದರು. ಐದನೆಯ ಕಿಲೋಮೀಟರಿನ ಹೊತ್ತಿಗೆ ಆ ತತ್ತ್ವ ಏನೆಂಬುದು ಜ್ಞಾಪಕಕ್ಕೆ ಬರಲಿಲ್ಲ. ಆದರೂ ಒಂದು ವಿಚಿತ್ರವನ್ನು ಅವರು ಗಮನಿಸಿದರು. ಅಪೆನ್ನೈನಿನಲ್ಲಿ ಇದಕ್ಕಿಂತ ಸುಲಭವಾದ ಏರುಗಳಲ್ಲಿ ಇಳಿದು ತಳ್ಳಬೇಕಾಗಿದ್ದ ತಾವು ಇಂದು ಇಳಿದಿಲ್ಲ; ಬದಲು ಪತ್ನಿ ಎರಡು ಬಾರಿ ಇಳಿದು, ದಾರಿಯ ಪಕ್ಕದ ಹಳದಿಯ ಹೂಗಳನ್ನು ನೋಡುವ ನೆಪದಲ್ಲಿ ನಿಂತರು. ಪಾಪ, ಆಕೆಗೂ ವಯಸ್ಸಾಯಿತಲ್ಲ ಎಂದು ಮರುಕಗೊಂಡು, ತಿರುವಿನಲ್ಲಿ ಆಕೆಗಾಗಿ ಕಾದರು. ಕಾಯುವ ಆ ಗಳಿಗೆಗಳು ಎಷ್ಟು ಹಿತವಾಗಿದ್ದವೆಂದರೆ ಮೊಣಕಾಲಿನ ನೋವೂ ಹಿಂದೆ ಸರಿಯಿತು.

ಮೊಂತಾಲ್ಚಿನೊ ತಲಪಿದಾಗ ಅವರು ಗೆದ್ದ ಸೇನಾಪತಿಯಂತಿದ್ದರು. 1555ರಲ್ಲಿ ಸಿಯೆನಾ ಗಣರಾಜ್ಯ ಶತ್ರುವಶವಾದಾಗ ಶರಣಾಗಲೊಲ್ಲದ ನಾಗರಿಕರು ಈ ಬೆಟ್ಟಕ್ಕೆ ಬಂದು ನಾಲ್ಕು ವರ್ಷ ತಮ್ಮ ಧ್ವಜವನ್ನು ಹಾರಿಸಿದರು. ಕೋಟೆಯ ಕೆಳಗೆ ನಿಂತು ಉಪಾಧ್ಯಾಯರು ಆ ಕಥೆಯನ್ನು, ತಾವೇ ಆ ನಾಗರಿಕರಲ್ಲೊಬ್ಬರೋ ಎಂಬ ಅಭಿಮಾನದಿಂದ ಹೇಳಿದರು. ಇಂದು ಆ ಊರು ದ್ರಾಕ್ಷಾರಸಕ್ಕೆ ಜಗತ್ಪ್ರಸಿದ್ಧ. ಅಂಗಡಿಯ ಕಿಟಕಿಯಲ್ಲಿದ್ದ ಒಂದು ಶೀಷೆಯ ಬೆಲೆ ಇವರ ಎರಡು ದಿನಗಳ ವಸತಿಯ ವೆಚ್ಚಕ್ಕೆ ಸಮ. ಇಬ್ಬರೂ ನೀರು ಕುಡಿದರು.

ಇಳಿಜಾರಿನಲ್ಲಿ, ತೊರ್ರೆನಿಯೆರಿ ಎಂಬ ಹಳ್ಳಿಗೆ ಇನ್ನೂ ಸ್ವಲ್ಪ ದೂರವಿರುವಾಗ, ಉಪಾಧ್ಯಾಯರ ಹಿಂದಿನ ಟಯರು ನಿಟ್ಟುಸಿರಿಟ್ಟಿತು. ಮುಳ್ಳು. ಇಂಥ ಕೆಲಸದಲ್ಲಿ ತಮ್ಮ ಕೈಚಳಕದ ಬಗೆಗೆ ಅವರಿಗೆ ನಂಬಿಕೆಯಿತ್ತು. ಸೈಕಲ್ಲನ್ನು ಮಗುಚಿ ನಿಲ್ಲಿಸಿ, ಉಪಕರಣಗಳ ಗಂಟಿಗಾಗಿ ತಮ್ಮ ಬಲಗಡೆಯ ಚೀಲಕ್ಕೆ ಕೈಹಾಕಿದರು. ಕೈಗೆ ಸಿಕ್ಕಿದ್ದು ಉಣ್ಣೆಯ ಶಾಲು. ಅದರ ಕೆಳಗೆ ಆಕೆಯ ಮಳೆಯಂಗಿ. ಅದರ ಕೆಳಗೆ ದಿಂಬಿನಂತೆ ಸುತ್ತಿದ ಬಟ್ಟೆಗಳು. ಎಡಗಡೆಯ ಚೀಲದಲ್ಲಿಯೂ ಅದೇ ಸರಕು. ನೋಡಲು ತುಂಬಿದ್ದ ಎರಡು ಚೀಲಗಳೂ ಬೆರಳಿನಿಂದ ಎತ್ತುವಷ್ಟು ಹಗುರ.

ಆಕೆ ಏನೂ ಮಾತನಾಡದೆ ತಮ್ಮ ಚೀಲದಿಂದ ಉಪಕರಣಗಳ ಗಂಟನ್ನು ತೆಗೆದುಕೊಟ್ಟರು. ಗಂಟು ತೆಗೆಯಲು ಮೊದಲು ಮೇಲಿದ್ದ ವಸ್ತುಗಳನ್ನು ದಾರಿಯ ಪಕ್ಕದಲ್ಲಿ ಇಡಬೇಕಾಯಿತು: ಉಕ್ಕಿನ ಬೀಗ ಮತ್ತು ಸರಪಣಿ, ಹೆಚ್ಚಿನ ಟಯರು, ಅವರ ಬೂಟುಗಳು, ಅವರ ಕ್ಷೌರದ ಪೆಟ್ಟಿಗೆ, ಇಟಲಿಯ ಇತಿಹಾಸವನ್ನು ಕುರಿತ, ಇಟ್ಟಿಗೆಯಷ್ಟು ದಪ್ಪನಾದ ಅವರ ಪುಸ್ತಕ.

''ಯಾವಾಗಿನಿಂದ?'' ಎಂದರು ಉಪಾಧ್ಯಾಯರು.

''ಪರ್ವತ ದಾಟಿದ ರಾತ್ರಿಯಿಂದ. ಒಂದೇ ಸಲ ಅಲ್ಲ, ದಿನಕ್ಕೆ ಒಂದಿಷ್ಟು.''

ಅವರು ತೂತಿಗೆ ತೇಪೆ ಹಾಕಿದರು. ಎಂದಿಗಿಂತ ಹೆಚ್ಚು ಹೊತ್ತು ಹಿಡಿಯಿತು. ತಿರುವಿನಲ್ಲಿ ಕಾಲೂರಿ ನಿಂತು ಆಕೆಯ ವಯಸ್ಸಿಗೆ ಮರುಕಪಟ್ಟದ್ದು ನೆನಪಾಗಿ ಅವರ ಕಿವಿಗಳು ಕೆಂಪಾದವು. ಸಿಟ್ಟೂ ಬಂದಿತು, ಕೇಳದೆ ಮಾಡಿದ ಉಪಕಾರ ಮನುಷ್ಯನಿಗೆ ಅವಮಾನದಂತೆ ತೋರುವುದುಂಟು. ಆದರೆ ಕೇಳಿದ್ದರೆ ತಾವು ಏನು ಹೇಳುತ್ತಿದ್ದೆವೆಂಬುದೂ ಅವರಿಗೆ ಗೊತ್ತಿತ್ತು.

ತೊರ್ರೆನಿಯೆರಿಯಿಂದ ಸಾನ್ ಕ್ವಿರಿಕೊವರೆಗೆ ಹಳೆಯ ರಸ್ತೆ ಏರಿ ಇಳಿಯುತ್ತ ಹೋಗುತ್ತದೆ. ಆ ಸೀಮೆಯಲ್ಲಿ, ಹೊಲದ ನಡುವೆ ವರ್ತುಲಾಕಾರವಾಗಿ ನಿಂತ ಸೈಪ್ರೆಸ್ ಮರಗಳ ಗುಂಪೊಂದಿದೆ. ಪ್ರಪಂಚದ ಪಂಚಾಂಗಗಳಲ್ಲಿ ಅದು ಅಚ್ಚಾಗಿರುವಷ್ಟು ಸಲ ಕೆಲವು ರಾಜರ ಮುಖವೂ ಅಚ್ಚಾಗಿಲ್ಲ. ಅದರ ಚಿತ್ರ ತೆಗೆಯಬೇಕೆಂದು ಉಪಾಧ್ಯಾಯರು ವೆರೋನಾದಿಂದಲೂ ಹೇಳುತ್ತ ಬಂದಿದ್ದರು. ಅಂದು ಮಾತ್ರ ಎತ್ತಲೂ ನೋಡದೆ ತುಳಿದರು. ದಿಬ್ಬದ ಮೇಲೆ ಸಂಜೆಯ ಬಿಸಿಲಿನಲ್ಲಿ ಹೊಳೆಯುತ್ತಿದ್ದ ಕಲ್ಲಿನ ಮನೆಗಳನ್ನು ಕಂಡಾಗ, ಕೆಳಗಿನ ಅಂತಸ್ತಿನ ಎತ್ತುಗಳೂ ಮೇಲಿನ ಹದಿನಾಲ್ಕು ಮಂದಿಯೂ ಕಣ್ಣಿಗೆ ಬಂದರು.

ಬಾನ್ಯೊ ವಿನ್ಯೋನಿಯಲ್ಲಿ ಊರಿನ ನಡುವೆ ಚೌಕವಿರಬೇಕಾದಲ್ಲಿ ಚೌಕವಿಲ್ಲ. ಆ ಅಳತೆಗೆ ಒಂದು ಕಲ್ಯಾಣಿಯಿದೆ, ಅದರ ತುಂಬ ಹಬೆಯಾಡುವ ನೀರು. ಅದರಲ್ಲಿ ಈಗ ಇಳಿಯುವಂತಿಲ್ಲ. ಆದರೆ ಹೊರಹರಿಯುವ ನೀರು ಕಲ್ಲಿನ ಕಾಲುವೆಗಳಲ್ಲಿ ಬಂಡೆಯ ಅಂಚಿಗೆ ಬಂದು, ಹಿಂದೆ ಗಿರಣಿಗಳನ್ನು ತಿರುಗಿಸುತ್ತಿದ್ದ ಜಾಗದಲ್ಲಿ ಧುಮುಕುತ್ತದೆ. ಆ ಕಾಲುವೆಗಳಲ್ಲಿ ಯಾರು ಬೇಕಾದರೂ ಕಾಲಿಳಿಬಿಟ್ಟು ಕೂರಬಹುದು. ದಂಪತಿಗಳು ಧೂಳಿನಿಂದ ಮೊಣಕಾಲಿನವರೆಗೆ ಬಿಳಿಯಾಗಿದ್ದ ನಾಲ್ಕು ಕಾಲುಗಳನ್ನು ಅದರಲ್ಲಿ ಇಳಿಬಿಟ್ಟರು. ಆಕೆ ತಮ್ಮ ಬಲಗೈಯನ್ನೂ ಮೊಣಕೈಯವರೆಗೆ ಮುಳುಗಿಸಿದರು. ಆ ಕೈ ನೋಯುತ್ತಿರಬಹುದೆಂಬುದು ಉಪಾಧ್ಯಾಯರಿಗೆ ಆಗ ಹೊಳೆಯಿತು.

''ಇವತ್ತು ಅರ್ಧರ್ಧ ಹಂಚಬೇಕು,'' ಎಂದರು ಅವರು.

''ಹಂಚಿಯೇ ಇದೆ.''

''ಅದು ಅರ್ಧವೇ?''

''ತಕ್ಕಡಿ ನನ್ನ ಹತ್ತಿರ ಇದೆ,'' ಎಂದರು ಆಕೆ. ಬೆಳಗಿನ ವೃದ್ಧರ ಮಾತು ಇಬ್ಬರಿಗೂ ನೆನಪಾಗಿರಬೇಕು; ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ.

ರಾತ್ರಿಯ ಊಟಕ್ಕೆ ದಪ್ಪನೆಯ ಕೈಶಾವಿಗೆ, ಟೊಮೇಟೊ ಬೆಳ್ಳುಳ್ಳಿಯ ಸಾರು, ಸಾರ್ಡೀನಿಯಾದಿಂದ ಬಂದವರ ಮಂದೆಗಳ ಕುರಿಹಾಲಿನ ಗಿಣ್ಣು. ರೊಟ್ಟಿಯಲ್ಲಿ ಉಪ್ಪಿರಲಿಲ್ಲ. ಆಕೆ ಮೊದಲೇ ಮಲಗಿದರು. ಕಿಟಕಿಯಾಚೆ ಗೋಧಿಯ ಹೊಲದ ಮೇಲೆ ಮಿಂಚುಹುಳುಗಳು ಹಾರಾಡುತ್ತಿದ್ದವು.

ಹನ್ನೊಂದು ಗಂಟೆಯ ಸುಮಾರಿಗೆ ಉಪಾಧ್ಯಾಯರು ಮೆಲ್ಲನೆ ಎದ್ದು, ಕತ್ತಲೆಯಲ್ಲಿಯೇ ಮೂಲೆಯಲ್ಲಿದ್ದ ಚೀಲಗಳ ಬಳಿ ಕುಳಿತರು. ಉಣ್ಣೆಯ ಶಾಲನ್ನು ತೆಗೆದು ಆಕೆಯ ಚೀಲಕ್ಕೆ ಹಾಕಿದರು. ಉಕ್ಕಿನ ಬೀಗವನ್ನು ಸದ್ದಾಗದಂತೆ ಕಾಲುಚೀಲದಲ್ಲಿ ಸುತ್ತಿ ತಮ್ಮ ಚೀಲಕ್ಕೆ ತಂದರು. ಬೂಟುಗಳು ಬಂದವು, ಉಪಕರಣಗಳ ಗಂಟು ಬಂದಿತು. ಕೊನೆಗೆ ದಪ್ಪ ಪುಸ್ತಕಕ್ಕೆ ಕೈಯಿಟ್ಟಾಗ ಮಂಚದ ಕಡೆಯಿಂದ ಧ್ವನಿ ಬಂದಿತು.

''ಬೀಗ ಇಟ್ಟುಕೊಳ್ಳಿ. ಪುಸ್ತಕ ಅಲ್ಲೇ ಇರಲಿ. ಅದನ್ನು ನಾನು ಓದುತ್ತಿದ್ದೇನೆ.''